ಹೊರಗೆ ಆಳು, ಒಳಗೆ ಅತ್ತೆ

ದ್ರೌಪದಿ ಬಂದಾಗ ಸುಂದರಾ ಅಂಗಳದ ತಂತಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಮನೆಯ ಒಡತಿ ಗೌರಾಬಾಯಿ ಕಟ್ಟೆಯ ಮೇಲೆ ಕುಳಿತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಮೊದಲು ಗೇಟಿನಾಚೆ ಒಂದು ಕೋಲು ಕಂಡಿತು, ಆಮೇಲೆ ಒಂದು ಗಂಟು, ಆಮೇಲೆ ತೇಪೆ ಹಾಕಿದ ಹಸಿರು ಸೀರೆ. ಕಣ್ಣು ಸರಿಯಾಗಿ ಕಾಣದ ಮುದುಕಿಯೊಬ್ಬಳು ಗೇಟಿನ ಚಿಲಕವನ್ನು ಕೈಯಿಂದ ಹುಡುಕುತ್ತಿದ್ದಳು.

"ಯಾರ ಬೇ ಅಕಿ?" ಎಂದು ಗೌರಾಬಾಯಿ ಕೇಳಿದಳು.

ಬಂದವಳು ಸುಂದರಾಳ ಅತ್ತೆ. ಎಂಟು ತಿಂಗಳ ಹಿಂದೆ ಕಾಮಾಲೆಯಾಗಿ ತೀರಿಕೊಂಡ ಅವಳ ಗಂಡ ತುಕಾರಾಮನ ಹೆತ್ತ ತಾಯಿ. ಅದನ್ನು ಹೇಳಲು ಒಂದು ಮಾತು ಸಾಕಾಗಿತ್ತು. ಸುಂದರಾ ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದಳು.

"ನಮ್ಮೂರಾಕಿ ಕಾಕು. ಮೊದಲ ನಮ್ಮ ಹೊಲದಾಗ ಕೆಲಸಕ್ಕ ಬರ್ತಿದ್ಲು. ನನಗ ಕಾಲೇಜು, ಮನೀ, ಎರಡೂ ಆಗವಲ್ದು ನೋಡ್ರಿ. ಅದಕ್ಕ ಕರಸಿಕೊಂಡೀನಿ."

ಅಷ್ಟರಲ್ಲಿ ಮುದುಕಿ ಗೇಟು ತೆರೆದು ಒಳಗೆ ಬಂದಿದ್ದಳು. ಅವಳ ಕಣ್ಣು ಮಂಜಾಗಿದ್ದವೇ ಹೊರತು ಕಿವಿ ಚುರುಕಾಗಿಯೇ ಇದ್ದವು. ನಿಂತಲ್ಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಆಮೇಲೆ ಗಂಟನ್ನು ಗೋಡೆಯ ಬುಡಕ್ಕಿಟ್ಟು, ತಡವರಿಸಿ, ಮೂಲೆಯಲ್ಲಿದ್ದ ಕಸಬರಿಗೆಯನ್ನು ಎತ್ತಿಕೊಂಡಳು.

"ಕಸಾ ಎಲ್ಲಿಂದ ಹೊಡೀಲ್ರಿ, ಬಾಯಾರ?" ಎಂದಳು.

ಅದು ತೊಂಬತ್ತೊಂದರ ನವೆಂಬರ್ ತಿಂಗಳು. ಚಿಕ್ಕೋಡಿಯಲ್ಲಿ ಗೌರಾಬಾಯಿಯ ಮನೆಯ ಹಿಂಭಾಗದ ಎರಡು ಖೋಲಿಗಳಿಗೆ ತುಕಾರಾಮ ಮತ್ತು ಸುಂದರಾ ಬಂದು ಮೂರು ವರ್ಷವಾಗಿತ್ತು. ಮನೆ ಕೇಳಲು ಬಂದ ದಿನ ಗೌರಾಬಾಯಿಯ ಗಂಡ ವಿರುಪಾಕ್ಷಪ್ಪ ಎಲ್ಲರೂ ಕೇಳುವುದನ್ನೇ ಕೇಳಿದ್ದ.

"ಯಾವ ಪೈಕಿ ನೀವು?"

"ಮರಾಠಾ ಪೈಕಿ ರಿ. ಊರಾಗ ಸ್ವಲ್ಪ ಹೊಲಾ ಐತಿ. ತಂದಿ ತಾಯಿ ಇಬ್ರೂ ಇಲ್ರಿ," ಎಂದು ತುಕಾರಾಮ ಒಂದೇ ಉಸಿರಿಗೆ ಹೇಳಿದ್ದ. ಅವನಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ನೀರಾವರಿ ಇಲಾಖೆಯ ಹಾಜರಿ ಪುಸ್ತಕದಲ್ಲಿ ಅವನ ಅಡ್ಡಹೆಸರು ಕಾಂಬಳೆ. ಆ ಹೆಸರು ಹೇಳಿದರೆ ದಲಿತರ ಪೈಕಿ ಎಂದು ತಿಳಿಯಲು ಈ ಕಡೆ ಯಾರಿಗೂ ಮುಂದಿನ ಪ್ರಶ್ನೆ ಬೇಕಾಗುವುದಿಲ್ಲ. ಅದಕ್ಕೆ ಬಾಗಿಲ ಮೇಲೆ ಊರಿನ ಹೆಸರು ಬರೆಸಿದ: ಟಿ. ಬಿ. ದಿಗ್ಗೇವಾಡಿ. ಊರ ಹೆಸರೇ ಅಡ್ಡಹೆಸರಾದವರು ಓಣಿಗೆ ಹತ್ತು ಮಂದಿ ಇದ್ದರು.

ಸುಂದರಾ ಅಂದು ಪುಸ್ತಕದ ಡಬ್ಬಿ ಹಿಡಿದುಕೊಂಡು ಅವನ ಪಕ್ಕದಲ್ಲಿ ನಿಂತಿದ್ದಳು. ಆ ವರ್ಷವೇ ಧಾರವಾಡದಲ್ಲಿ ತತ್ವಶಾಸ್ತ್ರದ ಎಂ.ಎ. ಮುಗಿಸಿದ್ದಳು. ಮನುಷ್ಯ ಪರರ ಕಣ್ಣಿಗಾಗಿ ಬದುಕುವುದನ್ನು ಬಿಟ್ಟು ತಾನಾಗಿ ಬದುಕುವುದು ಹೇಗೆ ಎಂದು ತೊಂಬತ್ತು ಪುಟದ ಪ್ರಬಂಧ ಬರೆದಿದ್ದಳು. ಡಬ್ಬಿಯಲ್ಲಿ ಅದೂ ಇತ್ತು.

"ಹಂಗ್ಯಾಕ ಹೇಳಿದ್ರಿ?" ಎಂದು ಒಳಗೆ ಬಂದ ಮೇಲೆ ಕೇಳಿದ್ದಳು.

"ಏಳು ಮನೀ ತಿರಗೇನಿ, ಸುಂದರಾ. ನಿನ್ನ ಪ್ರಬಂಧಾ ತೋರಿಸಿದ್ರ ಯಾರರ ಖೋಲಿ ಕೊಡ್ತಾರೇನು?" ಎಂದು ಅವನು ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ ಎರಡನ್ನೂ ಚಾದರದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಿದ್ದ. ಸುಂದರಾ ಅದರ ಮೇಲೆ ಚಳಿಗಾಲದ ಬಟ್ಟೆ ಇಟ್ಟು ಮುಚ್ಚಿದ್ದಳು.

ಅವನು ತೀರಿಕೊಂಡಾಗ ಮಿರಜದ ದವಾಖಾನೆಯಿಂದ ಹೆಣ ನೇರವಾಗಿ ದಿಗ್ಗೇವಾಡಿಗೆ ಹೋಯಿತು. ದವಾಖಾನೆಗೆ ಬಂದಿದ್ದ ವಿರುಪಾಕ್ಷಪ್ಪ ಜೀಪು ಮಾಡಿಕೊಂಡು ಮಣ್ಣಿಗೆ ಬರುತ್ತೇನೆಂದ. ದೂರ ಆಗುತ್ತದೆ, ರಸ್ತೆ ಚೆನ್ನಾಗಿಲ್ಲ ಎಂದು ಸುಂದರಾ ಕೈಮುಗಿದು ಬೇಡವೆಂದಿದ್ದಳು. ಗಂಡನ ಹೆಣ ಪಕ್ಕದಲ್ಲಿರುವಾಗಲೂ ಅವಳಿಗೆ ಆ ಸುಳ್ಳು ನೆನಪಿತ್ತು.

ತಿರುಗಿ ಬಂದ ಮೇಲೆ ಒಂದು ತಿಂಗಳು ಗೌರಾಬಾಯಿಯೇ ರೊಟ್ಟಿ ಪಲ್ಯ ತಂದು ಉಣ್ಣಿಸಿದಳು. "ಬಳಿ ಒಡೀಬ್ಯಾಡ, ಸಣ್ಣ ವಯಸ್ಸು. ಮಂದಿ ಅಂದ್ರ ಅನ್ನಲಿ," ಎಂದಳು. ಕಾಲೇಜಿನಲ್ಲಿ ತಾತ್ಕಾಲಿಕ ನೌಕರಿ ಸಿಕ್ಕಾಗ ಪೇಢೆ ಹಂಚಿದವಳೂ ಅವಳೇ.

ದ್ರೌಪದಿ ಬಂದ ದಿನ ಕಸ ಹೊಡೆದು ಮುಗಿಸಿ ಒಳಗೆ ಬಂದಳು. ಸುಂದರಾ ಕದ ಮುಚ್ಚಿ ಅವಳ ಕಾಲು ಮುಟ್ಟಲು ಬಾಗಿದಳು.

"ಬಿಡು. ಆಳಿನ ಕಾಲ ಮುಟ್ಟತಾರೇನು?" ಎಂದು ಮುದುಕಿ ಕಾಲು ಹಿಂದೆ ತೆಗೆದುಕೊಂಡಳು. "ಯಾಕ ಹಂಗಂದಿ, ಸುಂದ್ರಾ?"

"ಬಾಯಿಗೆ ಹಂಗ ಬಂತ್ರಿ, ಅತ್ತೀ."

"ಬ್ಯಾರೆ ಏನರ ಹೇಳೂದೈತೇನು?"

"ಇಲ್ರಿ."

ಮುದುಕಿ ಮುಖವನ್ನು ಅವಳ ಕಡೆಯೇ ಇಟ್ಟುಕೊಂಡು ಗೋಡೆಗೆ ಒರಗಿ ಕುಳಿತಳು. ಸುಂದರಾ ಹೇಳುವುದಾದರೂ ಹೇಗೆ? ನಿನ್ನ ಮಗ ನಿನ್ನನ್ನು ಸತ್ತವಳೆಂದು ಹೇಳಿ ಈ ಮನೆ ಹಿಡಿದಿದ್ದಾನೆ ಎಂದು, ಮಗನನ್ನು ಕಳೆದುಕೊಂಡ ತಾಯಿಗೆ ಹೇಳುವುದು ಹೇಗೆ? ಆ ಮಾತು ಮುದುಕಿಯ ಕಿವಿಗೆ ಬೀಳಬಾರದೆಂದೇ ತಾನು ಹಾಗೆ ಹೇಳಿದ್ದು ಎಂದು ಸುಂದರಾ ಆ ಕ್ಷಣ ನಿಶ್ಚಯ ಮಾಡಿಕೊಂಡಳು. ಹಾಗೆ ನಿಶ್ಚಯ ಮಾಡಿಕೊಂಡ ಮೇಲೆ ಸ್ವಲ್ಪ ಹಗುರಾಯಿತು. ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಅತ್ತೆಯ ಮುಂದಿಟ್ಟಳು.

"ಅಥಣ್ಯಾಗ ಕಣ್ಣಿನ ಶಿಬಿರ ಐತಂತ. ರೊಕ್ಕಾ ಇಲ್ಲದ, ಫುಕಟ ಆಪರೇಶನ್ ಮಾಡ್ತಾರಂತ," ಎಂದು ದ್ರೌಪದಿ ರೊಟ್ಟಿ ಮುರಿಯುತ್ತ ಹೇಳಿದಳು. "ಇನ್ನ ಐದ ವಾರ ಐತಿ. ಅಲ್ಲೀತನಕ ಇರ್ತೀನಿ. ಕಣ್ಣ ಬಂದ ಮ್ಯಾಲೆ ನಿನ್ನ ಮಾರಿ ಒಮ್ಮೆ ನೋಡಿ ಊರಿಗೆ ಹೋಗ್ತೀನಿ."

ಮೂರನೆಯ ದಿನವೇ ವಿರುಪಾಕ್ಷಪ್ಪ ಕಟ್ಟೆಯಿಂದ ಕೂಗಿದ: "ಏನ್ರಿ ಪ್ರೊಫೆಸರಬಾಯಿ, ಆಳ ಒಬ್ರ ಇಟಗೊಂಡ್ರ ಹೆಂಗ? ನಮ್ಮ ಎಮ್ಮೀಗೂ ಸ್ವಲ್ಪ ಕಡಾ ಕೊಡ್ರಲ್ಲ!"

ಸುಂದರಾ ನಕ್ಕಳು. ನಕ್ಕದ್ದು ಒಪ್ಪಿಗೆಯಾಯಿತು. ಅಂದಿನಿಂದ ದ್ರೌಪದಿ ಬೆಳಿಗ್ಗೆ ಗೌರಾಬಾಯಿಯ ದನದ ಕೊಟ್ಟಿಗೆ ಬಳಿದು, ಹಿತ್ತಲ ಗೋಡೆಗೆ ಸಗಣಿಯ ಕುಳ್ಳು ಬಡಿಯತೊಡಗಿದಳು. ಕಣ್ಣು ಕಾಣದಿದ್ದರೂ ಒಂದರ ಪಕ್ಕ ಒಂದು, ನೂಲು ಹಿಡಿದಂತೆ ಸಾಲು.

"ಕೈ ನೋಡ್ರಿ ಅಕೀದು! ಕಣ್ಣಿದ್ದ ನಾವರ ಹಿಂಗ ಬಡೀತೀವೇನು?" ಎಂದು ಗೌರಾಬಾಯಿ ಹೊಗಳಿದಳು. ಹೊಗಳಿ ಚಹಾ ಕೊಟ್ಟಳು. ಹೊರಗಿನವರಿಗೆಂದು ಬಚ್ಚಲ ಗೋಡೆಯ ಗೂಡಿನಲ್ಲಿ ಹಿಡಿಕೆ ಮುರಿದ ಒಂದು ಕಪ್ಪು ಇತ್ತು. ದ್ರೌಪದಿ ಅದನ್ನು ತಾನೇ ತೆಗೆದುಕೊಂಡು ಮುಂದೆ ಹಿಡಿದಳು. ಎಲ್ಲಿರುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ಅದೇ ಹೊತ್ತಿಗೆ ಸುಂದರಾ ಒಳಗೆ ಗೌರಾಬಾಯಿಯ ಅಡುಗೆಮನೆಯ ಮಣೆಯ ಮೇಲೆ ಕುಳಿತು ಹೂವಿನ ಚಿತ್ರದ ಕಪ್ಪಿನಲ್ಲಿ ಚಹಾ ಕುಡಿಯುತ್ತಿದ್ದಳು. ಕಿಟಕಿಯಿಂದ ಅತ್ತೆಯ ಬೆನ್ನು ಕಾಣುತ್ತಿತ್ತು. ಚಹಾ ಗಂಟಲಲ್ಲಿ ಇಳಿಯಿತು. ಇಳಿಯದೆ ನಿಂತಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು.

ಒಳಗೆ ಬಂದರೆ ದ್ರೌಪದಿ ತಮಾಷೆ ಮಾಡುತ್ತಿದ್ದಳು. "ಹೊರಗ ಆಳು, ಒಳಗ ಅತ್ತಿ. ಹೊಸ್ತಲಾ ದಾಟೂದ್ರಾಗ ಮೈ ಬದಲಿ ಮಾಡಬೇಕಾಗೇತಿ. ನಾಟಕದಾಗರ ಪಾರ್ಟ್ ಮಾಡಿದವ್ರಿಗೆ ಹಾರಾ ಹಾಕತಾರ."

"ನಾಳಿಂದ ಹೋಗಬ್ಯಾಡ್ರಿ ಅತ್ತೀ. ಸೊಂಟಾ ನೋವಂತ ಹೇಳ್ತೀನಿ."

"ಇನ್ನೊಂದ ಸುಳ್ಳ ಯಾಕ? ಮೊದಲಿಂದೇ ಭಾಳ ಐತಿ." ಆಮೇಲೆ ತಾನೇ ಕೇಳಿದಳು: "ನೀ ಕಾಲೇಜಿನ್ಯಾಗ ಏನ ಕಲಸ್ತೀ?"

ಸುಂದರಾ ಪಲ್ಯಕ್ಕೆ ಉಪ್ಪು ಹಾಕುತ್ತಿದ್ದಳು. "ಮನಷ್ಯಾ ಹುಟ್ಟತಲೇ ಏನೂ ಆಗಿರೂದಿಲ್ಲ. ಏನ ಮಾಡ್ತಾನೋ ಅದ ಆಗ್ತಾನ. ಅದಕ್ಕ ಅಂವನ ಜವಾಬ್ದಾರಿ. ಬ್ಯಾರೇದವರ ನೆಪಾ ಹೇಳಬಾರದು. ಅದನ್ನ ಕಲಸ್ತೀನಿ."

"ಇದಕ್ಕ ಪಗಾರ ಕೊಡ್ತಾರ?"

"ಕೊಡ್ತಾರ್ರಿ."

"ಚಲೋ ಆತು." ದ್ರೌಪದಿ ಬಾಯಲ್ಲಿದ್ದ ರೊಟ್ಟಿ ನುಂಗಿದಳು. "ಹಂಗಾರ ಈ ಎರಡ ವಾರದಾಗ ನಾ ಕೆಲಸದಾಕಿ ಆದ್ನಿ. ನೀ ಏನಾದಿ?"

ಸುಂದರಾ ಉಪ್ಪು ಹಾಕಿದ್ದು ಮರೆತು ಇನ್ನೊಮ್ಮೆ ಹಾಕಿದಳು. ಆ ಪಲ್ಯವನ್ನು ಇಬ್ಬರೂ ಪೂರ್ತಿ ಉಂಡರು.

ಒಂದು ಭಾನುವಾರ ಸಂಜೆ ದ್ರೌಪದಿಗೆ ಕಾಲು ಬಹಳ ಸೆಳೆಯುತ್ತಿದ್ದವು. ಸುಂದರಾ ನೆಲದ ಮೇಲೆ ಕುಳಿತು ಅವಳ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಎಳ್ಳೆಣ್ಣೆ ತಿಕ್ಕುತ್ತಿದ್ದಳು. ಕದ ಮುಂದೆ ಮಾಡಿತ್ತಷ್ಟೆ, ಚಿಲಕ ಹಾಕಿರಲಿಲ್ಲ. ಗೌರಾಬಾಯಿ ಸೀರೆಯೊಂದನ್ನು ಕೈಯಲ್ಲಿ ಹಿಡಿದು ಒಳಗೆ ಬಂದೇಬಿಟ್ಟಳು.

"ಏನ ಬೇ ಇದು, ಆಳಿನ ಕಾಲ ಒತ್ತಾಕತ್ತೀ?"

ಸುಂದರಾ ಪಾದಗಳನ್ನು ನೆಲಕ್ಕೆ ಬಿಟ್ಟು ಎದ್ದು ನಿಂತಳು. "ಮುಳ್ಳ ಮುರದಿತ್ರಿ ಕಾಕು, ತಗ್ಯಾಕತ್ತಿದ್ದೆ."

"ಮುಳ್ಳ ಹೊಂಟಿತೇನು?" ಎಂದು ಗೌರಾಬಾಯಿ ಮುದುಕಿಯನ್ನು ಕೇಳಿದಳು.

"ಇಲ್ರಿ ಅವ್ವಾ. ಒಳಗ ಐತಿ," ಎಂದಳು ದ್ರೌಪದಿ.

ಗೌರಾಬಾಯಿ ತಂದದ್ದು ತನ್ನ ಹಳೆಯ ಇಳಕಲ್ ಸೀರೆ. ಅದನ್ನು ದ್ರೌಪದಿಯ ಮಡಿಲಿಗೆ ಹಾಕಿ, ಸುಂದರಾಳನ್ನು ಗದರಿಸಿದಳು: "ಆಳಾದ್ರೇನಾತು, ವಯಸ್ಸಾದಾಕಿ. ಹರಕ ಸೀರಿ ಮ್ಯಾಲೆ ಇಟ್ಟೀಯಲ್ಲ. ಅಕೀ ಕಣ್ಣಿನ ಬಗ್ಗೇರ ವಿಚಾರ ಮಾಡೀಯೇನು? ನನಗೂ ಮೋತಿಬಿಂದು ಆಗೇತಿ, ಕಣ್ಣಿಗೆ ಪೊರಿ ಬಂದೇತಿ. ಅಥಣಿಗೆ ಹೊಂಟೇನಿ. ಜೀಪಿನ್ಯಾಗ ಅಕೀನ್ನೂ ಕರಕೊಂಡ ಹೋಗೂಣು. ನೀನೂ ಬಾ, ಇಬ್ರನ್ನೂ ನೋಡಕೊಳ್ಳಾಕ ಒಬ್ರ ಬೇಕು."

ಸುಂದರಾ ಹೂಂ ಎಂದು ಎಣ್ಣೆಯ ಬಟ್ಟಲನ್ನು ಎತ್ತಿಟ್ಟಳು. ಗೌರಾಬಾಯಿ ಹೋದ ಮೇಲೆ ದ್ರೌಪದಿ ಸೀರೆಯ ಸೆರಗನ್ನು ಬೆರಳಿನಿಂದ ಸವರಿ ನೋಡಿದಳು. "ರೇಷ್ಮಿ ಸೆರಗ ಐತಿ. ಚಲೋ ಹೆಣ್ಮಗಳು," ಎಂದಳು. ಕಾಲನ್ನು ಮತ್ತೆ ಮುಂದೆ ಚಾಚಲಿಲ್ಲ.

ಅಥಣಿಯಲ್ಲಿ ಶಿಬಿರ ಒಂದು ಶಾಲೆಯಲ್ಲಿತ್ತು. ಕಟ್ಟೆಯ ತುಂಬ ಮುದುಕ ಮುದುಕಿಯರು, ಬುತ್ತಿಯ ಗಂಟುಗಳು. ವಿರುಪಾಕ್ಷಪ್ಪ ಹೆಂಡತಿಯ ಫಾರ್ಮಿಗೆ ಸಹಿ ಮಾಡಿ, ದ್ರಾಕ್ಷಿ ತೋಟ ಇದ್ದ ಬೀಗರನ್ನು ನೋಡಿಬರುತ್ತೇನೆಂದು ಹೋದ. ಗೌರಾಬಾಯಿ, ದ್ರೌಪದಿ, ಸುಂದರಾ ಮೂವರೂ ಮಕ್ಕಳು ಕೂಡ್ರುವ ಒಂದೇ ಬಾಕಿನ ಮೇಲೆ ಕುಳಿತರು. ಅಲ್ಲಿ ಯಾರೂ ಯಾರಿಗೂ ದೂರ ಕೂಡ್ರುವಷ್ಟು ಜಾಗ ಇರಲಿಲ್ಲ.

ಫಾರ್ಮು ತುಂಬುತ್ತಿದ್ದವಳು ಒಬ್ಬ ಚಿಕ್ಕ ಹುಡುಗಿ. ಬೆಳಗಿನಿಂದ ಕೂಗಿ ಅವಳ ಧ್ವನಿ ಒಡೆದಿತ್ತು.

"ಅಜ್ಜೀ, ಹೆಸರ?"

"ದ್ರೌಪದಿ ಭರಮು..."

"ಅಡ್ಡಹೆಸರ?"

"ನಮ್ಮ ಬಾಯಾರನ್ನ ಕೇಳ್ರಿ."

"ದಿಗ್ಗೇವಾಡಿ ಅಂತ ಬರೀರಿ," ಎಂದಳು ಸುಂದರಾ.

"ನೀವು ಇವ್ರಿಗೆ ಏನಾಗಬೇಕ್ರಿ?"

"ಇವರು ನಮ್ಮ ಮನ್ಯಾಗ..."

"ಕೆಲಸಕ್ಕದಾಳ," ಎಂದು ಗೌರಾಬಾಯಿ ನೆರವಿಗೆ ಬಂದಳು.

ಹುಡುಗಿ ಪೆನ್ನು ಕೆಳಗಿಟ್ಟಳು. "ಹಂಗಾರ ನಿಮ್ಮ ಸಹಿ ನಡ್ಯಾಂಗಿಲ್ರಿ. ಮಗಾ, ಸೊಸಿ, ಅಣ್ಣ, ತಮ್ಮ, ಮನೀ ಮಂದಿ ಯಾರರ ಸಹಿ ಮಾಡಬೇಕು. ನಾಳೆ ಡಾಕ್ಟರ್ ಮಿರಜಕ್ಕ ಹೊಳ್ಳಿ ಹೋಗ್ತಾರ. ಮುಂದಿನ ವರ್ಷ ಮನೀ ಮಂದೀನ್ನ ಕರಕೊಂಡ ಬರ್ರಿ. ಮುಂದಿನವ್ರು!"

ದ್ರೌಪದಿ ಕೋಲು ಊರಿ ಎದ್ದಳು. "ನಡೀರಿ ಬಾಯಾರ. ಕಸಾ ಹೊಡ್ಯಾಕ ಇಷ್ಟ ಕಣ್ಣ ಸಾಕು."

ಸುಂದರಾ ಕುಳಿತೇ ಇದ್ದಳು. ಫಾರ್ಮಿನಲ್ಲಿ ಸಂಬಂಧ ಎಂಬ ಕಡೆ ಸಣ್ಣ ಗೆರೆ ಖಾಲಿ ಇತ್ತು.

"ನಾ ಸೊಸಿ ರಿ," ಎಂದಳು.

"ಏನ್ರಿ? ಗದ್ದಲದಾಗ ಕೇಳಸವಲ್ದು. ಜೋರಾಗಿ ಹೇಳ್ರಿ."

ಅದನ್ನು ಅವಳು ಎರಡು ಸಲ ಹೇಳಬೇಕಾಯಿತು. "ಇವರು ನಮ್ಮತ್ತಿ. ನಾ ಇವರ ಸೊಸಿ."

ಗೌರಾಬಾಯಿ ಮೊದಲು ನಕ್ಕಳು, ಸಹಿ ಸಲುವಾಗಿ ಹೇಳಿದ ಸುಳ್ಳೆಂದು ತಿಳಿದು. ಆಮೇಲೆ ಸುಂದರಾಳ ಮುಖ ನೋಡಿ ನಗು ನಿಲ್ಲಿಸಿದಳು.

"ತುಕಾರಾಮಗ ತಾಯಿ ಇಲ್ಲ ಅಂದಿದ್ರಿ. ನಮ್ಮ ಕಟ್ಟಿ ಮ್ಯಾಲೆ ಕುಂತ ಅಂವನ ಹೇಳಿದ್ದ. ಸತ್ತಾಳಂದಿದ್ದ."

ಐದು ವಾರ ಮುದುಕಿಯ ಕಿವಿಗೆ ಬೀಳದಂತೆ ಕಾಯ್ದ ಮಾತು ಬಿದ್ದೇ ಬಿದ್ದಿತು. ಸುಂದರಾ ಅತ್ತೆಯ ಕೈ ಹಿಡಿಯಲು ಹೋದಳು. ದ್ರೌಪದಿ ಬಾಕನ್ನು ತಡವಿ ಮತ್ತೆ ಕುಳಿತಳು. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹೌದ್ರಿ, ಹೇಳಿದ್ದ," ಎಂದಳು. "ಮನೀ ಹಿಡದ ಮರದಿನಾ ಊರಿಗೆ ಬಂದ. ನನ್ನ ಮುಂದ ಕುಂತ ಅತ್ತ. ಅವ್ವಾ, ನೀ ಇಲ್ಲಂತ ಹೇಳಿ ಮನೀ ತಗೊಂಡೀನಿ ಅಂದ. ಸತ್ತ್ರ ಸತ್ತೆ ಬಿಡೋ, ನಿಮಗೊಂದು ಸೂರಾತಲ್ಲ, ಅಂದ್ನಿ. ಅದಕ್ಕ ಮೂರು ವರ್ಷ ಇತ್ತಾಗ ಕಾಲ ಇಡಲಿಲ್ಲ. ಅಂವಾ ಹೋದ, ಕಣ್ಣೂ ಹೋದೂವು. ಆಮ್ಯಾಲೆ ಬಂದ್ನಿ."

ಸುಂದರಾಳಿಗೆ ಇದು ಗೊತ್ತಿರಲಿಲ್ಲ. ಗಂಡ ಅವಳಿಗೆ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

"ನಿಮಗ ಬ್ಯಾಸರಾಗಬಾರದಂತ ನಾ..." ಎಂದು ಶುರು ಮಾಡಿದಳು.

"ನನ್ನ ಹೆಸರ ಹೇಳಬ್ಯಾಡ, ಸುಂದ್ರಾ." ದ್ರೌಪದಿಯ ಧ್ವನಿ ಏರಲಿಲ್ಲ. "ನಾ ಸತ್ತಾಕೀನ ಆಗಿ ಇರ್ತಿದ್ದೆ. ಗಂಡನ ಚಿಗವ್ವ ಅಂದಿದ್ರ ಆಗ್ತಿತ್ತು. ದೂರದ ಅತ್ತಿ ಅಂದಿದ್ರ ಆಗ್ತಿತ್ತು. ನಿನ್ನ ಮನೀನೂ ಉಳೀತಿತ್ತು, ಸುಳ್ಳೂ ಉಳೀತಿತ್ತು. ನಾ ಗೇಟಿನ್ಯಾಗ ನಿಂತಾಗ ಕೆಲಸದಾಕಿ ಅನ್ನೂದ ಯಾಕ ಬಂತು ನಿನ್ನ ಬಾಯಿಗೆ?"

ಹುಡುಗಿ ಪೆನ್ನು ಹಿಡಿದು ಕಾಯುತ್ತಿದ್ದಳು. ಸುಂದರಾ ಆ ದಿನದ ಗೇಟನ್ನು ನೆನೆದಳು. ಕೋಲು, ಗಂಟು, ತೇಪೆಯ ಸೀರೆ. ಅಂದು ಅವಳು ಅಲ್ಲಿ ಅತ್ತೆಯನ್ನು ನೋಡಲೇ ಇಲ್ಲ. ಕಟ್ಟೆಯ ಮೇಲೆ ಕುಳಿತವರಿಗೆ ಏನು ಕಾಣುತ್ತದೆಯೋ ಅದನ್ನೇ ನೋಡಿ, ಅದನ್ನೇ ಹೇಳಿದ್ದಳು.

ಮೊದಲು ಸಿಟ್ಟಿಗೆದ್ದವಳು ಗೌರಾಬಾಯಿ. "ಹೆತ್ತ ತಾಯಂಥ ಅತ್ತೀ ಕೈಲೆ ನನ್ನ ಎಮ್ಮೀ ಸಗಣಿ ಬಳಿಸಿದ್ಯಲ್ಲ ಬೇ! ನಾ ಹಳೇ ಸೀರಿ ಕೊಟ್ಟಾಗರ ಒಂದ ಮಾತ ಅನ್ನಬಾರದ? ನನ್ನ ಯಾಕ ಈ ಪಾಪಕ್ಕ ಗುರಿ ಮಾಡಿದಿ?" ಅವಳ ಕಣ್ಣಲ್ಲಿ ನಿಜವಾಗಿಯೇ ನೀರು ಬಂದಿತ್ತು. ಸೆರಗಿನಿಂದ ಒರೆಸಿಕೊಂಡಳು. ಸ್ವಲ್ಪ ಹೊತ್ತಿನ ಮೇಲೆ, ಬೇರೆಯೇ ಧ್ವನಿಯಲ್ಲಿ, "ಮರಾಠರ ಹೆಣ್ಮಗಳು ಹಿಂಗ ಕೊಟ್ಟಿಗಿ ಬಳೀತಾಳೇನು? ಖರೇ ಅಡ್ಡಹೆಸರ ಏನು ನಿಮ್ಮದು?" ಎಂದು ಕೇಳಿದಳು.

"ಕಾಂಬಳೆ ರಿ. ನಾವು ಬೌದ್ಧರು," ಎಂದಳು ದ್ರೌಪದಿ.

ಗೌರಾಬಾಯಿ ಬಾಕಿನ ಮೇಲೆ ಜಾಗ ಇಲ್ಲದಲ್ಲಿಯೂ ಒಂದು ಗೇಣು ಸರಿದು ಕುಳಿತಳು. ಸರಿದದ್ದು ಅವಳಿಗೂ ಗೊತ್ತಾಗಿರಲಿಕ್ಕಿಲ್ಲ. ಹುಡುಗಿ ದಿಗ್ಗೇವಾಡಿಯನ್ನು ಗೀಚಿ ಕಾಂಬಳೆ ಎಂದು ಬರೆದು, ಫಾರ್ಮನ್ನು ಸುಂದರಾಳ ಮುಂದೆ ನೂಕಿದಳು. ಸುಂದರಾ ಸಹಿ ಮಾಡಿದಳು.

ಮೂರು ದಿನ ಇಬ್ಬರೂ ಮುದುಕಿಯರು ಶಾಲೆಯ ಒಂದೇ ಕೋಣೆಯಲ್ಲಿ, ಒಂದು ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಎರಡನೆಯ ದಿನ ಗೌರಾಬಾಯಿ ಗೋಡೆಯ ಕಡೆ ತಿರುಗಿಕೊಂಡೇ ಕೇಳಿದಳು: "ನಿನಗೂ ಉರೀತೈತೇನ ಬೇ?"

"ಉರೀತೈತ್ರಿ," ಎಂದಳು ದ್ರೌಪದಿ.

ಅಷ್ಟೇ ಮಾತು. ಸುಂದರಾ ಇಬ್ಬರಿಗೂ ಗಂಜಿ ಕುಡಿಸಿದಳು. ಮೊದಲ ಹೊತ್ತು ಗೌರಾಬಾಯಿ ಅವಳ ಕೈಯಿಂದ ಕುಡಿದಳು, ಎರಡನೆಯ ಹೊತ್ತಿಗೆ ಹಸಿವಿಲ್ಲವೆಂದಳು. ಆಮೇಲೆ ಬೀಗರ ಮನೆಯಿಂದ ಬುತ್ತಿ ಬಂತು.

ಚಿಕ್ಕೋಡಿಗೆ ಬಂದ ಮರುವಾರ ವಿರುಪಾಕ್ಷಪ್ಪ ಖೋಲಿಯ ಬಾಗಿಲ ಹತ್ತಿರ ಬಂದು ನಿಂತ. ಒಳಗೆ ಬರಲಿಲ್ಲ. ತಮಾಷೆಯ ಮನುಷ್ಯ, ಅಂದು ಚಪ್ಪಲಿಯ ಕಡೆ ನೋಡುತ್ತಲೇ ಮಾತಾಡಿದ.

"ಬೇಡಕಿಹಾಳದಿಂದ ನಮ್ಮ ತಮ್ಮನ ಮಕ್ಕಳು ಸಾಲೀಗಂತ ಬರ್ತಾರ್ರಿ. ಖೋಲಿ ಬೇಕಾಗೇತಿ. ನೀವು ಹಂಗೇನೂ ತಿಳಕೋಬ್ಯಾಡ್ರಿ."

"ಇಲ್ರಿ ಕಾಕಾ," ಎಂದಳು ಸುಂದರಾ. ಅವನ ಸುಳ್ಳು ಅವಳಿಗೆ ಚೆನ್ನಾಗಿ ಪರಿಚಯದ್ದಾಗಿತ್ತು. ಅದರಲ್ಲಿ ತಪ್ಪು ಹಿಡಿಯುವ ಮುಖ ಅವಳಿಗಿರಲಿಲ್ಲ.

ಸಾಮಾನು ಹೊರುವ ದಿನ ಗೌರಾಬಾಯಿ ಹೊರಗೆ ಬರಲಿಲ್ಲ. ಹಿತ್ತಲ ತಿಪ್ಪೆಯಲ್ಲಿ ಎರಡು ಕಪ್ಪು ಬಿದ್ದಿದ್ದವು. ಒಂದಕ್ಕೆ ಹಿಡಿಕೆ ಇರಲಿಲ್ಲ. ಇನ್ನೊಂದಕ್ಕೆ ಹಿಡಿಕೆಯೂ ಇತ್ತು, ಹೂವಿನ ಚಿತ್ರವೂ ಇತ್ತು. ದ್ರೌಪದಿ ಹತ್ತಿರ ಬಾಗಿ, ಪಟ್ಟಿಯಿಲ್ಲದ ಮಂಜು ಕಣ್ಣಿನಿಂದ ಅವುಗಳನ್ನು ನೋಡಿದಳು. ಇಳಕಲ್ ಸೀರೆಯನ್ನು ಮಡಿಸಿ ಗೌರಾಬಾಯಿಯ ಕಟ್ಟೆಯ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೊಂದು ಕಲ್ಲಿಟ್ಟಳು.

ಹೊಸ ಮನೆ ತಂಬಾಕಿನ ಗೋದಾಮಿನ ಹಿಂದಿನ ಓಣಿಯಲ್ಲಿತ್ತು. ಒಂದೇ ಖೋಲಿ. ಇಲ್ಲಿ ಯಾವ ಪೈಕಿ ಎಂದು ಯಾರೂ ಕೇಳಲಿಲ್ಲ. ಟ್ರಂಕಿನ ತಳದ ಫೋಟೋ ಎರಡೂ ಗೋಡೆಗೆ ಬಂದವು. ಚಾದರದ ನೂಲು ಚೌಕಟ್ಟಿಗೆ ಅಂಟಿಕೊಂಡಿತ್ತು. ಸುಂದರಾ ಅದನ್ನು ಉಗುರಿನಿಂದ ಕೆರೆದು ತೆಗೆದಳು.

ಪಟ್ಟಿ ಬಿಚ್ಚಿದ ಮೇಲೆ ದ್ರೌಪದಿ ಹೇಳಿದ ಹಾಗೆ ಸೊಸೆಯ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದಳು. ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಸುಂದರಾ ಕಣ್ಣು ಕೆಳಗೆ ಹಾಕಿದಳು.

"ಸೊರಗೀ," ಎಂದಳಷ್ಟೆ.

"ಊರಿಗೆ ಹೋಗ್ತೀರೇನ್ರಿ, ಅತ್ತೀ?"

"ಇನ್ನೊಂದ ಕಣ್ಣ ಐತಲ್ಲ. ಅದು ಆಗಲಿ."

ಮರುದಿನ ಬೆಳಿಗ್ಗೆ ಸುಂದರಾ ಬಾಗಿಲ ಮುಂದೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಿದ್ದಳು. ದ್ರೌಪದಿ ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದ ಮನೆಯ ಜನಾಬಾಯಿ ಕೊಡ ಹೊತ್ತುಕೊಂಡು ಹೋಗುತ್ತ ಬಾಗಿಲಲ್ಲಿ ನಿಂತಳು.

"ಜೈಭೀಮ ಯಕ್ಕಾ. ಹೊಸದಾಗಿ ಬಂದೀರೇನು? ಯಾರ ಇಕಿ?" ಎಂದು ಸುಂದರಾಳ ಕಡೆ ಕೈ ಮಾಡಿ ಒಳಗಿದ್ದ ದ್ರೌಪದಿಯನ್ನು ಕೇಳಿದಳು.

ಸುಂದರಾಳ ಕೈಯಲ್ಲಿ ಒದ್ದೆ ಬಟ್ಟೆಯಿತ್ತು. ಅವಳು ಅದನ್ನು ಹಿಂಡದೆ ಹಾಗೇ ಹಿಡಿದು ನಿಂತಳು. ಬಾಡಿಗೆಗೆ ಇರುವವಳು ಎಂದು ಅತ್ತೆ ಹೇಳಬಹುದಿತ್ತು. ಕಾಲೇಜಿನ ಬಾಯಿ ಎನ್ನಬಹುದಿತ್ತು. ಗೊತ್ತಿಲ್ಲ ಎಂದಿದ್ದರೂ ಹೆಚ್ಚಾಗುತ್ತಿರಲಿಲ್ಲ.

"ಜೈಭೀಮ. ನಮ್ಮ ಸೊಸಿ," ಎಂದಳು ದ್ರೌಪದಿ.

ರೊಟ್ಟಿ ಬಡಿಯುವ ಸಪ್ಪಳ ನಡುವೆ ಒಂದು ಸಲವೂ ನಿಲ್ಲಲಿಲ್ಲ. ಸುಂದರಾ ಹಗ್ಗದ ಕಡೆ ತಿರುಗಿಕೊಂಡು, ಮುಖ ಕಾಣದಂತೆ ಬಟ್ಟೆಯನ್ನು ಹರವಿ ಹಿಡಿದಳು.